ಪಂಪಣ್ಣನ ಬಂಡಿಯ ಕೆಂಪು ತಗಡು

ಸಿಂಧನೂರಿನಲ್ಲಿ ಬಂಡಿಗಳಿಗೆ ನಂಬರಿನ ತಗಡು ಬರೆಯುವ ಲಾಲ್‌ಸಾಬ್ ನಾನೇ. ವರ್ಷಕ್ಕೆ ನಾನೂರು ತಗಡು, ಎಲ್ಲವೂ ಕರಿಯ ಮೇಲೆ ಬಿಳಿ. ಬರೆದು ಬರೆದು ಸಾಕಾಗಿತ್ತು. ಒಂದು ಮಾತ್ರ ಕೆಂಪು, ಸಾಲಗುಂದದ ಪಂಪಣ್ಣನದು. ಬರ್ಮಾ ಯುದ್ಧದಲ್ಲಿ ಪದಕ ಗಳಿಸಿದವನ ಬಂಡಿಯನ್ನು ಸುಂಕದ ನಾಕಾದಲ್ಲಿ ತಡೆದು ಮೂಟೆ ಬಿಚ್ಚಿಸಬಾರದೆಂದು ಐವತ್ತೊಂದರಲ್ಲಿ ಹುಕುಂ ಆಗಿತ್ತು. ನಂಬರಿನ ಪಕ್ಕ ನಾನು ಪದಕವನ್ನೂ ಬರೆದೆ, ರಿಬ್ಬನ್ನಿನ ಪಟ್ಟಿ ಸಮೇತ. ಎರಡು ದಿನ ಹಿಡಿಯಿತು. ನನ್ನ ಕೈಯಿಂದ ಅಂಥದ್ದು ಇನ್ನೊಂದು ಬಂದಿಲ್ಲ, ಜಂಬ ಅಂದರೂ ಅನ್ನಿ.

ಮರುವರ್ಷ ಸುಗ್ಗಿಯಲ್ಲಿ ಪಂಪಣ್ಣ ಅದನ್ನು ಬಿಚ್ಚಿ ತಂದು ನನ್ನ ಮುಂದೆ ಇಟ್ಟ.

"ಇದನ್ನ ಅಳಿಸಿ ಎಲ್ಲಾರದಂಗ ಕರೇದು ಬರದುಕೊಡಪ್ಪ."

ನನಗೆ ಪಿತ್ತ ನೆತ್ತಿಗೇರಿತು. "ತಲಿ ನೆಟ್ಟಗೈತೇನಲೇ? ಸರಕಾರ ಕೊಟ್ಟ ಇಜ್ಜತ್ ಇದು!"

"ಇಜ್ಜತ್ ಸಾಕಾಗೇತಿ ನನಗ," ಎಂದು ಕಟ್ಟೆಯ ಮೇಲೆ ಕುಸಿದು ಕೂತ.

ಕೆಂಪು ತಗಡಿನ ಬಂಡಿ ನಾಕಾದಲ್ಲಿ ನಿಲ್ಲುವುದಿಲ್ಲವೆಂದು ಗೊತ್ತಾದದ್ದೇ ತಡ, ಸುಂಕ ಉಳಿಯುತ್ತದೆಂದು ಊರವರ ಹತ್ತಿ, ಜೋಳ, ಶೇಂಗಾ ಎಲ್ಲ ಅವನ ಬಂಡಿ ಏರಿದ್ದವು. ಇವತ್ತು ಮಸ್ಕಿಗೆ ಒಂದು ಖೇಪು, ನಾಳೆ ಲಿಂಗಸುಗೂರಿಗೆ ಇನ್ನೊಂದು. ಒಲ್ಲೆ ಅಂದರೆ ಪದಕದವನಿಗೆ ಸೊಕ್ಕು ಬಂದಿದೆ ಅನ್ನುತ್ತಿದ್ದರಂತೆ. ಜೋಡಿಯಲ್ಲಿ ಒಂದು ಎತ್ತಿನ ಹೆಗಲು ಹುಣ್ಣಾಗಿ ಹುಳ ಬಿದ್ದಿತ್ತು. ಇನ್ನೊಂದು ಖೇಪು ಹೂಡಿದರೆ ಅದು ಉಳಿಯುವುದಿಲ್ಲವೆಂದು ಹೆಂಡತಿ ಯಂಕಮ್ಮ ಬೇವಿನೆಣ್ಣೆ ಹಚ್ಚುತ್ತಾ ಅತ್ತಿದ್ದಳು.

ತೋಬಾ, ಈಗ ನಾಚಿಕೆಯಾಗುತ್ತದೆ. ಆಗ ನನಗೆ ಎತ್ತಿಗಿಂತ ನನ್ನ ಬಣ್ಣದ ಚಿಂತೆಯೇ ಹೆಚ್ಚಾಗಿತ್ತು.

"ಒಲ್ಲೆ ಅನ್ನಾಕ ಬರದವ್ನಿಗೆ ಪದಕ ಯಾತಕ್ಕ ಕೊಟ್ರಲೇ?" ಎಂದು ರೇಗಿದೆ.

ಅವನು ತಗಡಿನ ಮೇಲೆ ಬೆರಳಾಡಿಸಿದ. "ಗುಡ್ಡದ ಮ್ಯಾಲೆ ಗಾಯಾದವ್ರು ಬಿದ್ದಿದ್ರು. ಹೇಸರಗತ್ತಿ ಮ್ಯಾಲೆ ಹೇರಿಕೊಂಡು ಇಳಿಸಿದ್ನಿ. ಇಳಿಸಿದಾಗೊಮ್ಮೆ ದಂಡಿನ ಸಾಹೇಬ 'ಇನ್ನೊಂದು ಖೇಪು ಪಂಪಣ್ಣ' ಅಂದ. ಒಂಬತ್ತು ಖೇಪು ಹೋದ್ನಿ. ಹೇಸರಗತ್ತಿ ಸತ್ತುಬಿತ್ತು. ಪದಕ ನನಗ ಕೊಟ್ರು."

ಚೂರಿ ತಗೊಂಡು ನಾನೇ ಹೆರೆದೆ. ಬಣ್ಣ ಒಣಗಿ ಕಲ್ಲಾಗಿತ್ತು, ಹೆರೆದು ಹೆರೆದು ರಟ್ಟೆಗಳು ಸೋತವು. ಸಂಜೆಗೆ ಕರಿಯ ತಗಡು ಅವನ ಕೈಗಿಟ್ಟೆ.

ಎರಡು ತಿಂಗಳ ಮೇಲೆ ಮಸ್ಕಿಗೆ ಹೊರಟಿದ್ದೆ. ನಾಕಾದಲ್ಲಿ ಇಪ್ಪತ್ತು ಬಂಡಿಗಳು ಸಾಲಾಗಿ ನಿಂತಿದ್ದವು. ಕಟ್ಟಕಡೆಯದು ಪಂಪಣ್ಣನದು, ಅವನ ಮನೆಯ ಮೂರೇ ಮೂಟೆ ಜೋಳ. ಅವನು ಬಂಡಿಯ ನೆರಳಿನಲ್ಲಿ ಟವಲು ಹಾಸಿಕೊಂಡು ಮಲಗಿದ್ದ.

"ಯಾವಾಗಿಂದ ನಿಂತೀಯಪ್ಪ?"

"ಮುಂಜಾನಿಂದ."

"ಊರವ್ರು ಏನಂತಾರ?"

"ಮಾತು ಬಿಟ್ಟಾರ."

ನೊಗ ಬಿಚ್ಚಿದ ಆ ಎತ್ತು ಪಕ್ಕದಲ್ಲಿ ನಿಂತು ಮೆಲುಕಾಡುತ್ತಿತ್ತು. ಹೆಗಲ ಹುಣ್ಣು ಮಾದು ಎಳೆಯ ಕೂದಲು ಬಂದಿತ್ತು. ಪಂಪಣ್ಣ ಮಲಗಿದಲ್ಲಿಂದಲೇ ಕೈ ಚಾಚಿ ಅದರ ಕಾಲು ಮುಟ್ಟಿದ.

"ಇದು ಉಳೀತು ನೋಡು, ಲಾಲ್‌ಸಾಬ," ಎಂದು ಕಣ್ಣು ಮುಚ್ಚಿದ.