ಕಡಲಿಲ್ಲದ ದೇಶದ ಗಾಳಿ

“ವಿಯಾಂಡನ್‌ಗೆ ನೇರ ಟ್ರೇನಿಲ್ಲ,” ಎಂದ ಉಮಾಶಂಕರ, ಬಂಗುಡೆಯ ಮುಳ್ಳು ಬಿಡಿಸುತ್ತ. “ಎಟ್ಟೆಲ್‌ಬ್ರೂಕ್‌ನಲ್ಲಿ ಇಳಿದು ಬಸ್ಸು ಹಿಡೀಬೇಕು. ಗುಡ್ಡದ ಮೇಲೆ ಕೋಟೆ ಉಂಟು.”

ಚಾರ್ಲ್ಸ್ ತಲೆದೂಗಿದ. ಅವನೂ ಹೆಂಡತಿ ನೋರಾಳೂ ನಗರದ ಇನ್ನೊಂದು ತುದಿಯ ಕ್ರೋಯ್ಡನ್‌ನಿಂದ ಹೌನ್ಸ್ಲೋದ ಉಮಾಶಂಕರನ ಮನೆಗೆ ಭಾನುವಾರದ ಊಟಕ್ಕೆ ಬಂದದ್ದೇ ಇದಕ್ಕೆ. ಮುಂದಿನ ವಾರ ಇಬ್ಬರೂ ಲಕ್ಸೆಂಬರ್ಗ್ ನೋಡಲು ಹೊರಟಿದ್ದರು. ಯುರೋಪಿನ ಒಕ್ಕೂಟ ಬಿಡಬೇಕೆಂಬ ಜನಮತದ ಫಲಿತಾಂಶ ಬಂದಾಗಿನಿಂದ ಚಾರ್ಲ್ಸ್‌ಗೆ ಒಂದೇ ಧ್ಯಾನ: ಯುರೋಪಿನ ಬಾಗಿಲು ಮುಚ್ಚುವ ಮೊದಲು ಒಂದು ದೇಶವನ್ನಾದರೂ ಪೂರ್ತಿ ನೋಡಿಬಿಡಬೇಕು. ಪೂರ್ತಿ ನೋಡುವುದಾದರೆ ಚಿಕ್ಕದೇ ವಾಸಿ. ಗುರುತಿನವರಲ್ಲಿ ಅಲ್ಲಿಗೆ ಹೋಗಿಬಂದವನು ಉಮಾಶಂಕರನೊಬ್ಬನೇ.

ಉಮಾಶಂಕರ ಹೋಗಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಲಕ್ಸೆಂಬರ್ಗ್‌ನಲ್ಲಿ ಆಫೀಸಿನ ಕೆಲಸವೆಂದು ಹೆಂಡತಿ ಶ್ರೀಲತಾಳಿಗೆ ಹೇಳಿ ಸೂಟ್‌ಕೇಸು ಎಳೆದುಕೊಂಡು ಹೊರಟವನು ಕ್ರೋಯ್ಡನ್‌ನ ಅಗ್ಗದ ಹೋಟೆಲೊಂದರಲ್ಲಿ ನಾಲ್ಕು ದಿನ ಬಾಗಿಲು ಹಾಕಿಕೊಂಡು ಬಿದ್ದಿದ್ದ. ಹೆಣ್ಣಿಲ್ಲ, ಕುಡಿತವಿಲ್ಲ. ‘ಹ್ವಾಯ್, ಎಂತ ಆಲೋಚ್ನಿ?’ ಎಂದು ಯಾರೂ ಕೇಳದ ಒಂದು ಕೋಣೆ ಬೇಕಿತ್ತು, ಅಷ್ಟೇ. ಆಲೋಚನೆ ಅಲ್ಲಿಯೂ ಏನೂ ಇರಲಿಲ್ಲ. ಕಿಟಕಿಯ ಕೆಳಗೆ ಟ್ರ್ಯಾಮ್ ಹೋಗುತ್ತಿತ್ತು, ಬರುತ್ತಿತ್ತು. ಹೊತ್ತು ಹೋಗದೆ, ಸುಳ್ಳಿಗೊಂದು ಆಧಾರವಿರಲೆಂದು ಕೊಂಡಿದ್ದ ಗೈಡ್ ಪುಸ್ತಕವನ್ನು ಓದಿದ. ಆ ದೇಶ ಬಾಯಿಪಾಠವಾಯಿತು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯ ಬಗ್ಗೆ ಅವನು ಅಷ್ಟು ಖಚಿತವಾಗಿ ಏನನ್ನೂ ಹೇಳಲಾರ.

“ಮೀನು ಸಿಗ್ತದಾ ಅಲ್ಲಿ?” ನೋರಾ ಕೇಳಿದಳು.

“ನದಿ ಮೀನು. ನಮ್ಮ ಬಾಯಿಗೆ ಆಗುದಿಲ್ಲ. ಕಡಲೇ ಇಲ್ವಲ್ಲ, ಸುತ್ತ ಬೇರೆ ದೇಶಗಳೇ.”

“ಸಂಜೆ ಹೊತ್ತಿಗೆ ಎಂತ ಮಾಡುವುದು ಮಾರಾಯ್ರೆ?” ಎಂದ ಚಾರ್ಲ್ಸ್.

ಇಷ್ಟು ಹೊತ್ತು ಎಲ್ಲೂ ಸಿಕ್ಕಿಬೀಳದ ಉಮಾಶಂಕರನಿಗೆ ಹುಮ್ಮಸ್ಸು ಬಂದಿತ್ತು. ಪುಸ್ತಕದಲ್ಲಿಲ್ಲದ್ದನ್ನೂ ಒಂದಿಷ್ಟು ಸೇರಿಸೋಣವೆನಿಸಿತು. “ಹಳೇ ಕೋಟೆಗೋಡೆ ಮೇಲೆ ಪಡುವಣಕ್ಕೆ ಮುಖ ಮಾಡಿ ಕೂತ್ರೆ ಸಾಕು. ಬಿಸಿಲು ಇಳೀತೋ ಇಲ್ವೋ, ತಣ್ಣಗೆ ಕಡಲ ಗಾಳಿ ಬೀಸ್ತದೆ.”

ಹೇಳಿದ ಮೇಲೆ ಅವನ ಕೈ ಅನ್ನದಲ್ಲೇ ನಿಂತಿತು.

“ಹಾ! ಅದೊಂದು ಇದ್ರೆ ಸಾಕು,” ಎಂದ ಚಾರ್ಲ್ಸ್. ನೋರಾಳೂ ಹೂಂಗುಟ್ಟಿದಳು. ಉಡುಪಿಯಲ್ಲಿ ಹುಟ್ಟಿದವರಿಗೆ ಸಂಜೆ ಪಡುವಣದಿಂದ ಬರುವ ಗಾಳಿ ಕಡಲಿನದ್ದಲ್ಲದೆ ಇನ್ಯಾರದ್ದು! ಉಮಾಶಂಕರನಿಗೆ ಹೋದ ಜೀವ ಬಂದಂತಾಯಿತು. ಶ್ರೀಲತಾ ಮಾತ್ರ ಸೌಟು ಹಿಡಿದುಕೊಂಡೇ ಅವನನ್ನು ನೋಡಿದಳು. ಆಮೇಲೆ ಸಾರು ಬಡಿಸಿದಳು.

“ನಮ್ಮ ಕ್ರೋಯ್ಡನ್‌ಗೂ ಬನ್ನಿ. ಒಮ್ಮೆಯೂ ಬರ್ಲಿಲ್ಲ ನೀವು,” ಎಂದ ಚಾರ್ಲ್ಸ್, ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತ.

“ಹೌದು,” ಎಂದ ಉಮಾಶಂಕರ. “ಒಮ್ಮೆಯೂ ಇಲ್ಲ.”

ಅವರು ಹೋದ ಮೇಲೆ ಶ್ರೀಲತಾ ಪಾತ್ರೆ ತೊಳೆಯಲು ನಿಂತಳು.

“ಅಲ್ಲ ಹ್ವಾಯ್,” ಎಂದಳು, ಬೆನ್ನು ಹಾಕಿಕೊಂಡೇ, “ಅಲ್ಲ್ ಕಡ್ಲ್ ಇಲ್ಲ ಅಂದ್ರಿ ಅಲ್ದಾ?”

“ಹೂಂ.”

ಈಗ ಕೇಳುತ್ತಾಳೆ. ಕೇಳಲಿ, ಎಲ್ಲವನ್ನೂ ಹೇಳಿಬಿಡೋಣ ಎಂದು ಒಂದು ಕ್ಷಣ ಅವನಿಗೆ ಆಸೆಯೇ ಆಯಿತು. ನಲ್ಲಿ ಸುರಿಯುತ್ತಲೇ ಇತ್ತು.

“ಗಾಳಿ ಲಾಯ್ಕ್ ಇತ್ತಾ?”

“ಲಾಯ್ಕ್ ಇತ್ತ್.”

“ಅಷ್ಟಾರೂ ಸಿಕ್ತಲ್ಲ.”

ಮುಂದೆ ಕೇಳಲಿಲ್ಲ. ಇನ್ನೆಂದೂ ಕೇಳುವುದಿಲ್ಲವೆಂದು ಅವನಿಗೆ ಗೊತ್ತಾಯಿತು. ಬದುಕಿದೆ, ಅಂದುಕೊಂಡ. ತಲೆಯ ಮೇಲಿನ ಹೊರೆ ಇಳಿಸಿದವನಂತೆ ಮೈ ನಿಜವಾಗಿಯೂ ಹಗುರಾಯಿತು.

ಅವಳು ಮೇಜಿನ ಹತ್ತಿರ ಬಂದಳು. ಚಾರ್ಲ್ಸ್‌ಗೆ ತೋರಿಸಲು ಬಿಡಿಸಿದ್ದ ಮ್ಯಾಪು ಅಲ್ಲೇ ಹರಡಿಕೊಂಡಿತ್ತು. ಬಗ್ಗಿ, ಒದ್ದೆ ಬೆರಳಿಟ್ಟು ಕೇಳಿದಳು, “ಇಲ್ಲೆಯಾ ನೀವ್ ಇದ್ದದ್ದ್?”

“ಅಲ್ಲೇ.”

ಬೆರಳು ತೆಗೆದು ಒಳಗೆ ಹೋದಳು. ಆ ಹಳದಿ ದೇಶದ ಮೇಲೆ ಒಂದು ಹನಿ ನೀರು ಉಳಿದಿತ್ತು. ಉಮಾಶಂಕರ ಒರೆಸಲು ಹೋಗಲಿಲ್ಲ. ತಾನಾಗಿ ಆರುತ್ತದೆ ಎಂದುಕೊಂಡು, ಕುರ್ಚಿ ಎಳೆದು, ನೋಡುತ್ತ ಕುಳಿತ. ಹನಿ ಕಾಗದದೊಳಗೆ ಇಳಿದು ಮೆಲ್ಲಗೆ ನಾಲ್ಕೂ ಕಡೆಯ ಗಡಿಯತ್ತ ಹರಡುತ್ತಿತ್ತು.