ಎಣ್ಣೆ ಒರೆಸಿದ ಆಸ್ಲಾಕ್

ಆಸ್ಲಾಕ್ ಟ್ವೇಟನ್ ಬಾಗಿಲು ಮುಚ್ಚುವುದನ್ನು ನೋಡಿದರೆ ಸಾಕು, ಆತನ ಕಸುಬು ತಿಳಿಯುತ್ತಿತ್ತು: ಮುಂದಕ್ಕೆ ನೂಕಿ, ಹಿಡಿಯನ್ನು ಕೆಳಕ್ಕೆ ತಿರುಗಿಸಿ, ಅದು ಕೂತ ಸದ್ದನ್ನು ತಲೆ ಓರೆಮಾಡಿ ಆಲಿಸದ ಹೊರತು ಆತ ಇಗರ್ಜಿಯ ಬಾಗಿಲನ್ನೂ ಬಿಟ್ಟು ಕದಲುತ್ತಿರಲಿಲ್ಲ. ನಮ್ಮ ಕಣಿವೆಯ ಬಂದೂಕು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅರ ಹಿಡಿದು ಉಕ್ಕು ಉಜ್ಜಿದವನು. ಮೊಣಕೈ ಹೊಳೆಯುವ ಬೂದು ಕೋಟು, ಎಡಕ್ಕೆ ವಾಲುವ ನಡಿಗೆ, ಏನೇ ಕೇಳಿದರೂ "ನೋಡೋಣ" ಎಂಬ ಒಂದೇ ಉತ್ತರ.

ನಾನಲ್ಲಿ ನಕ್ಷೆ ಬರೆಯುತ್ತಿದ್ದ ಕಾಲಕ್ಕೆ, ಸಾವಿರದ ಎಂಟುನೂರ ಎಂಬತ್ತೆರಡರ ಸುಮಾರಿಗೆ, ಅಗುಳಿ ಎಳೆದು ತೋಟಾ ತುಂಬುವ ಹೊಸ ಬಂದೂಕು ನಾರ್ವೆಯ ಸೈನ್ಯಕ್ಕಾಗಿ ರೂಪುಗೊಳ್ಳುತ್ತಿತ್ತು. ಕ್ಯಾಪ್ಟನ್ ಹೋಲ್ಟರ್ ಅವರ ವಿನ್ಯಾಸದಲ್ಲಿ ಆ ಅಗುಳಿಯನ್ನು ಬಿಗಿಯಲು ಒಂದು ತಿರುಪು ಇತ್ತು; ತಿರುಪುಳಿ ಇಲ್ಲದೆ ಅದನ್ನು ಬಿಚ್ಚುವಂತಿರಲಿಲ್ಲ. ಆಸ್ಲಾಕ್ ಎರಡು ವರ್ಷ ಅದರ ತೂತನ್ನೇ ಕೊರೆಯಲಿಲ್ಲ.

"ಹಿಮದಲ್ಲಿ ಸಿಪಾಯಿ ಉಪಕರಣ ಕಳ್ಕೊಳ್ತಾನೆ, ಕೈಯನ್ನಲ್ಲ," ಎನ್ನುತ್ತಿದ್ದ. ಕಡೆಗೆ ಕ್ಯಾಪ್ಟನ್ನರೇ ಬೇಸತ್ತು, ತಿರುಪನ್ನು ಅಳಿಸಿಬಿಡುವಂತೆ ನನಗೆ ಹೇಳಿದರು.

ಜನವರಿಯಲ್ಲಿ ಸೈನ್ಯದ ಪರೀಕ್ಷೆ. ಸೋತರೆ ಪರದೇಶದ ಬಂದೂಕು ಬರುತ್ತದೆ, ನಮ್ಮ ಅರವತ್ತು ಮಂದಿಯ ಕೆಲಸ ಹೋಗುತ್ತದೆ. ಆ ದಿನದ ಕೊರೆಯುವ ಚಳಿಯಲ್ಲಿ ಮೊದಲ ತೋಟಾ ಹಾರಲಿಲ್ಲ, ಎರಡನೆಯದೂ ಇಲ್ಲ. ಬರಿಗೈಯಿಂದ ಆಗುವಷ್ಟು ರಿಪೇರಿಗೆ ಮಾತ್ರ ಅವಕಾಶವೆಂದು ಪರೀಕ್ಷೆ ನಡೆಸಲು ಬಂದಿದ್ದ ಕರ್ನಲ್ ನಿಯಮ ಓದಿದರು.

ಆಸ್ಲಾಕ್ ಅಗುಳಿಯನ್ನು ಮೂಸಿ ನೋಡಿದ. "ಎಣ್ಣೆ ಹಾಕಿದ್ಯಾರು?"

"ನಾನೇ," ಎಂದರು ಕ್ಯಾಪ್ಟನ್, ಮೆಲ್ಲಗೆ. "ನೋಡೋರಿಗೆ ಹೊಳೀಲಿ ಅಂತ."

"ಕ್ರಿಸ್ಮಸ್ ಗಂಜಿಗೆ ಬೆಣ್ಣೆ ಬಿಟ್ಟ ಹಾಗೆ ಬಿಟ್ಟಿದ್ದೀರಲ್ಲ ಸ್ವಾಮಿ. ಹೆಪ್ಪುಗಟ್ಟಿದೆ. ತೋಟಾಗೆ ಹೊಡೀಬೇಕಾದ ಮೊಳೆ ಒಳಗೆ ತೆವಳ್ತಾ ಇದೆ."

ಕೈಗವಸು ಕಳಚಿ, ಅಗುಳಿಯನ್ನು ಬರಿಗೈಯಲ್ಲೇ ಬಿಡಿಬಿಡಿ ಮಾಡಿ, ಅಂಗಿಯ ಅಂಚಿನಿಂದ ಪ್ರತಿ ತುಂಡನ್ನೂ ಒರೆಸಿದ. ಶೀತಲ ಉಕ್ಕಿಗೆ ಅಂಟಿಕೊಂಡು ಬೆರಳ ಚರ್ಮ ಕಿತ್ತು ಬಂತು. ಆತ ಹುಬ್ಬು ಕೂಡ ಗಂಟಿಕ್ಕಲಿಲ್ಲ. ಜೋಡಿಸಿ, ನೂಕಿ, ತಿರುಗಿಸಿ, ಆಲಿಸಿ, ಸಿಪಾಯಿಗೆ ಕೊಟ್ಟ.

ಗುಂಡು ಹಾರಿತು. ನೂರಕ್ಕೆ ನೂರೂ ಹಾರಿದವು. ಎದೆಯ ಮೇಲಿನ ಬಂಡೆ ಇಳಿದಂತಾಗಿ ನಾವು ಒಬ್ಬರನ್ನೊಬ್ಬರು ತಬ್ಬಿಕೊಂಡೆವು; ಕ್ಯಾಪ್ಟನ್ ಹಿಮದ ಮೇಲೇ ಕೂತು ನಗತೊಡಗಿದರು, ಆಮೇಲೆ ಎದ್ದು ತಮ್ಮ ಮಫ್ಲರನ್ನು ಆಸ್ಲಾಕನ ಬೆರಳುಗಳಿಗೆ ಸುತ್ತಿದರು.

"ಆ ತಿರುಪು ಇದ್ದಿದ್ರೆ ಇವತ್ತು ಮುಳುಗ್ತಿದ್ವಿ, ಆಸ್ಲಾಕ್."

"ಸರಿ. ಕಾಫಿ ಏನಾದ್ರೂ ಸಿಗುತ್ತಾ?"

ಒಂದು ವಸ್ತುವನ್ನು ಪ್ರೀತಿಸುವವರಲ್ಲಿ ಅದನ್ನು ಅಲಂಕರಿಸುವವರು ಬಹಳ. ಅದಕ್ಕೆ ಬೇಡದ್ದನ್ನು ಬಿಡಿಸುವವರು ವಿರಳ. ಈ ವಿರಳರ ಹೆಸರನ್ನು ಯಾವ ಉಕ್ಕಿನ ಮೇಲೂ ಕೆತ್ತುವುದಿಲ್ಲ, ಅವರೊಡನೆ ಏಗುವುದೂ ಕಷ್ಟ. ಆದರೂ ಅಂಥ ಹಟಮಾರಿಯೊಬ್ಬ ನಮ್ಮ ನಡುವೆ ಇದ್ದನೆಂಬ ಒಂದೇ ಕಾರಣಕ್ಕೆ ಅಂದು ಅರವತ್ತು ಮಂದಿ ನಗುತ್ತ ಮನೆಗೆ ಹೋದೆವು.