ಮೇಸ್ತ್ರಿ ನಿಲ್ಲಿಸಿದ ಗಾಡಿ

“ಇದೇನಪ್ಪ ಇದು, ಬೀರು ಬೀಗದ ಕೈನಾ?” ಎಂದು ಮುನಿಗಂಗಪ್ಪ ಹೆಣದ ಸೊಂಟದಿಂದ ಕತ್ತರಿಸಿದ ಉಡಿದಾರವನ್ನು ಮೇಲೆತ್ತಿ ಹಿಡಿದ. ಅದರ ತುದಿಯಲ್ಲಿ ಕೆಂಪು ಚಿಂದಿ ಸುತ್ತಿದ ಒಂದು ಕೀ, ನೀರು ತೊಟ್ಟಿಕ್ಕುತ್ತಾ ತೂಗಾಡುತ್ತಿತ್ತು.

ಹಂಡೆಯಿಂದ ಬಿಸಿನೀರು ತಂದುಕೊಡುತ್ತಿದ್ದ ಅಮಾನುಲ್ಲಾ ಬಿಂದಿಗೆ ಇಳಿಸಿದ. “ಬೀರುದಲ್ಲ ತಾತ, ಜೆಸಿಬಿದು. ಇಲ್ಲಿ ಕೊಡಿ” ಎಂದು ಈಸಿಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡ. ಈಗ ಹೆಣವಾಗಿ ಮಲಗಿದ್ದ ವೆಂಕಟರವಣಪ್ಪನ ಕೈಕೆಳಗೆ ಹದಿನೆಂಟು ವರ್ಷ ಸ್ಪ್ಯಾನರ್ ಹಿಡಿದವನಿಗೆ ಅಷ್ಟೂ ಗೊತ್ತಿರದೆ ಇರುತ್ತದೆಯೇ?

ಮೇಲೂರಿನಾಚೆಯ ಜಲ್ಲಿ ಕ್ರಷರಿಗೆ ವೆಂಕಟರವಣಪ್ಪ ಮೇಸ್ತ್ರಿ. ಗಾಡಿ ಕೆಡಲಿ, ಯಂತ್ರ ಕೆಡಲಿ, ನೋಡಬೇಕಾದವನು ಅವನೇ. ಆದರೆ ಕೆಟ್ಟದ್ದನ್ನು ರಿಪೇರಿ ಮಾಡುವುದಕ್ಕಿಂತ, ಕೆಟ್ಟದ್ದನ್ನು ಯಾರೂ ಮುಟ್ಟದಂತೆ ಕಾಯುವುದರಲ್ಲೇ ಅವನ ಅರ್ಧ ಆಯುಸ್ಸು ಸವೆದಿತ್ತು. ಬ್ಯಾಟರಿ ವೈರು ಬಿಚ್ಚಿ, ಸ್ಟೀರಿಂಗಿಗೆ ಕೆಂಪು ಬಟ್ಟೆ ಕಟ್ಟಿ, ಕೀಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡನೆಂದರೆ ದೇವೇಂದ್ರ ಬಂದು ಕೇಳಿದರೂ ಕೊಡುವವನಲ್ಲ. “ಧೈರ್ಯ ಇದ್ರೆ ನನ್ನ ಪಂಚೆಗೆ ಕೈ ಹಾಕಿ ತಗೊಳ್ಳಿ” ಎನ್ನುತ್ತಿದ್ದ. ಯಾರೂ ಹಾಕಿರಲಿಲ್ಲ.

ನಿನ್ನೆ ಸಂಜೆ ಮುದ್ದೆ ಉಂಡು ಗೋಡೆಗೆ ಒರಗಿ ಕಣ್ಣು ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಅರವತ್ತೊಂದು ವರ್ಷ, ಸುಖದ ಸಾವು ಎಂದು ಊರೆಲ್ಲ ಹೇಳಿತು.

“ಮೂವತ್ತು ವರ್ಷ ಕ್ರಷರಲ್ಲಿ ದುಡಿದು ಹತ್ತು ಬೆರಳೂ ವಾಪಸ್ ತಂದವ್ನೆ, ನೋಡ್ರಪ್ಪ” ಎಂದು ಮುನಿಗಂಗಪ್ಪ ಹೆಣದ ಕೈ ತೊಳೆಯುತ್ತಾ, ಪಕ್ಕದಲ್ಲಿ ತನ್ನ ಮೂರು ಬೆರಳಿನ ಎಡಗೈ ಇಟ್ಟು ತೋರಿಸಿದ. ಅವನು ಹಳೆಯ ಕಾಲದ ಬಂಡೆ ಕೆಲಸಗಾರ. ಸಾವಿನ ಮನೆಯಲ್ಲೂ ಒಂದಿಬ್ಬರು ನಕ್ಕರು.

ಒಳಗೆ ರಾಮಲಕ್ಷ್ಮಮ್ಮ ಗಂಡನ ಕತೆಯನ್ನೇ ಹೇಳುತ್ತಿದ್ದಳು. “ಮಗಳ ನಿಶ್ಚಿತಾರ್ಥದ ದಿನ ಬೀಗರ ವ್ಯಾನು ಟೈರು ಸವೆದೈತೆ ಅಂತ ಕೀ ಕಿತ್ಕೊಂಡು ಉಡಿದಾರಕ್ಕೆ ಕಟ್ಕೊಂಬಿಟ್ರು ಕಣಮ್ಮ. ಹದಿನಾಲ್ಕು ಜನ! ಟೈರು ಬರೋಗಂಟ ಇಲ್ಲೇ ಇದ್ರು. ಎರಡು ದಿನ ಒಬ್ಬಟ್ಟು ತಟ್ಟಿ ತಟ್ಟಿ ನನ್ನ ಸೊಂಟ ಬಿದ್ದೋಯ್ತು.” ಅಳುವವರ ನಡುವೆ ಅವಳೂ ಅಳುತ್ತಾ ನಗುತ್ತಿದ್ದಳು.

ಮೂರು ಗಂಟೆಗೆ ತೋಟದಿಂದ ಸುದ್ದಿ ಬಂತು. ಹಿಪ್ಪುನೇರಳೆ ತೋಟದ ಬದಿಯಲ್ಲಿ ಗುಣಿ ತೋಡುತ್ತಿದ್ದವರಿಗೆ ಎರಡಡಿಗೇ ಬಂಡೆಯಂಥ ನೆಲ ಸಿಕ್ಕಿದೆ. ಹಾರೆ ಹಾಕಿದರೆ ಕಿಡಿ ಏಳುತ್ತದೆ, ಮಣ್ಣು ಏಳುವುದಿಲ್ಲ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಲೇಬೇಕು. ಊರಿನ ಇನ್ನೊಂದು ಜೆಸಿಬಿ ಜಂಗಮಕೋಟೆ ಕಡೆ ಕೆರೆ ಕೆಲಸಕ್ಕೆ ಹೋಗಿತ್ತು.

“ನಮ್ದೇ ಷೆಡ್ಡಲ್ಲಿ ನಿಂತಿದೆಯಲ್ಲ!” ಎಂದು ಕ್ರಷರ್ ಮಾಲೀಕ ಮೋಹನ್‌ಬಾಬು ಕುರ್ಚಿಯಿಂದ ಎದ್ದ. “ಅರ್ಧ ಗಂಟೆ ಕೆಲಸ. ಮೇಸ್ತ್ರಿಗೆ ನಮ್ಮ ಗಾಡೀಲೇ ಗುಣಿ ತೋಡಿಸಿದ್ರೆ ಒಂದು ಮರ್ಯಾದೆ ಬೇರೆ. ಎಲ್ಲಿ ಅಮಾನುಲ್ಲಾ, ಕೀ ಕೊಡು.”

“ಅದು ಕೆಟ್ಟಿದೆ ಸಾರ್.”

“ಏನು ಕೆಟ್ಟಿದೆ? ಸ್ಟಾರ್ಟ್ ಆಗುತ್ತಲ್ಲ!”

* * *

ಇದೇ ಮಾತನ್ನು ಹದಿನೆಂಟು ವರ್ಷದ ಹಿಂದೆ ಅಮಾನುಲ್ಲಾನೂ ಆಡಿದ್ದ. ಆಗ ಅವನು ಕೆಲಸಕ್ಕೆ ಸೇರಿ ತಿಂಗಳಾಗಿತ್ತು. ಬ್ರೇಕ್ ಸರಿಯಿಲ್ಲದ ಟಿಪ್ಪರಿಗೆ ಕೆಂಪು ಬಟ್ಟೆ ಕಟ್ಟಿತ್ತು. ಇಲ್ಲೇ ಟೀ ಅಂಗಡಿಗೆ ಹೋಗಿ ಬರ್ತೀನಿ, ಸ್ಟಾರ್ಟ್ ಆಗುತ್ತಲ್ಲ ಮೇಸ್ತ್ರಿ, ಎಂದು ಕೇಳಿದ್ದ.

ವೆಂಕಟರವಣಪ್ಪ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ತನ್ನ ಟೀಯಲ್ಲೇ ಅರ್ಧ ಸುರಿದು ಕೊಟ್ಟ.

“ನನ್ನ ತಮ್ಮನೂ ಇಲ್ಲೇ ಅಂದಿದ್ದ. ನೀರು ತುಂಬ್ಕೊಂಡು ಬರ್ತೀನಿ, ಟ್ರ್ಯಾಕ್ಟರ್ ಕೀ ಕೊಡಣ್ಣ ಅಂದ. ಬ್ರೇಕ್ ಇಲ್ಲ ಅಂತ ನಂಗೊತ್ತಿತ್ತು. ಇಲ್ಲೇ ಅಲ್ವಾ ಅಂತ ಕೊಟ್ಟೆ. ಅವತ್ತು ಮುರಿದ ಕಾಲು ಇವತ್ತಿಗೂ ನೆಟ್ಟಗಾಗಿಲ್ಲ. ಆದ್ರೂ ನನ್ನ ಮೇಲೆ ಒಂದು ದಿನ ಕೋಪ ಮಾಡ್ಕೊಂಡೋನಲ್ಲ. ಅದೇ ಕಣೋ ನಂಗೆ ತಡ್ಕೊಳ್ಳಾಕಾಗದು.” ಟೀ ಲೋಟ ಕೆಳಗಿಟ್ಟು ಮತ್ತೆ ಹೇಳಿದ. “ಸ್ಟಾರ್ಟ್ ಆಗದ ಗಾಡಿ ಯಾರ್ಗೂ ಏನೂ ಮಾಡಲ್ಲ ಅಮಾನು. ಕೆಟ್ಟಿದ್ದೂ ಸ್ಟಾರ್ಟ್ ಆಗೋ ಗಾಡೀನೇ ಕಾಯ್ಬೇಕು.”

* * *

“ಜೆಸಿಬಿ ಎತ್ತಿದ ಕೈ ತಾನಾಗಿ ಕೆಳಗೆ ಇಳೀತದೆ ಸಾರ್” ಎಂದ ಅಮಾನುಲ್ಲಾ. “ಪೈಪು, ಸೀಲು ಎಲ್ಲ ಹೋಗಿದೆ. ಎರಡು ತಿಂಗಳಿಂದ ಪಾರ್ಟ್ಸ್ ಬಂದಿಲ್ಲ. ಗುಣಿ ಮೂಲೆ ಸರಿ ಮಾಡಾಕೆ ಒಳಗೆ ಮನುಷ್ಯ ಇಳೀಲೇಬೇಕು. ಆವಾಗ ಮೇಲಿಂದ ಬಂದ್ರೆ?”

“ಯಾರೂ ಇಳಿಯಲ್ಲ ಬಿಡು. ಕೆಂಪು ಬಟ್ಟೆ ಕಟ್ಟಿದೋನೇ ಹೋದ. ಇನ್ನು ಅದನ್ನ ಬಿಚ್ಚೋರು ಯಾರು?”

“ರಿಪೇರಿ ಮಾಡಿದೋನು ಬಿಚ್ತಾನೆ ಸಾರ್. ಇನ್ನೂ ಯಾರೂ ಮಾಡಿಲ್ಲ.”

ಮೋಹನ್‌ಬಾಬುವಿನ ಮುಖ ಕೆಂಪಾಯಿತು. ಅಷ್ಟರಲ್ಲಿ ವೆಂಕಟರವಣಪ್ಪನ ಮಗ ಹರಿಕೃಷ್ಣ ಒದ್ದೆ ಪಂಚೆಯಲ್ಲೇ ಹತ್ತಿರ ಬಂದ. ಚಿಂತಾಮಣಿಯ ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ಮೆದು ಮಾತಿನ ಹುಡುಗ ಅವನು. “ಅಮಾನಣ್ಣ, ನಮ್ಮಪ್ಪನ ಮಣ್ಣಿಗೆ ನೀನೇ ಅಡ್ಡ ನಿಂತ್ಕೋತೀಯಾ?” ಎಂದುಬಿಟ್ಟ.

ಆ ಮಾತು ಅಮಾನುಲ್ಲಾನ ಎದೆಗೆ ನಾಟಿತು. ಯುಗಾದಿಯ ಒಬ್ಬಟ್ಟು ಈ ಮನೆಯಿಂದ ಅವನ ಮನೆಗೆ, ರಂಜಾನಿನ ಶಾವಿಗೆ ಪಾಯಸ ಸುರ್ಕುಂಬ ಅವನ ಮನೆಯಿಂದ ಇಲ್ಲಿಗೆ ಒಂದು ವರ್ಷವೂ ತಪ್ಪಿರಲಿಲ್ಲ. ಹರಿಯನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ಅವನೇ. ಕೈ ತಾನಾಗಿ ಜೇಬಿಗೆ ಹೋಯಿತು. ಕೊಟ್ಟುಬಿಟ್ಟರೆ ಮಾಲೀಕನಿಗೂ ಸಮಾಧಾನ, ಹರಿಗೂ ಸಮಾಧಾನ. ಅರ್ಧ ಗಂಟೆ. ಇಲ್ಲೇ ತಾನೇ. ಇಲ್ಲೇ ಎನ್ನುವ ಮಾತು ತನ್ನ ಮನಸ್ಸಿಗೂ ಬಂದದ್ದು ಕಂಡು ಅವನಿಗೆ ಗಾಬರಿಯಾಯಿತು. ಬರಿಗೈ ಹೊರಗೆ ತೆಗೆದ.

“ಕೊಡಲ್ಲ ಹರಿಯಪ್ಪ. ಎಷ್ಟಾದ್ರೂ ಬೈಯ್ಕೋ. ಹೊತ್ತು ಮುಳುಗೋದ್ರೊಳಗೆ ಗುಣಿ ನಾನು ತೋಡಿಕೊಡ್ತೀನಿ” ಎಂದು ಜಗಲಿಗೆ ಒರಗಿಸಿದ್ದ ಹಾರೆ ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟ.

ಹೇಳುವುದು ಸುಲಭ. ಸ್ಪ್ಯಾನರ್ ಹಿಡಿದ ಕೈಗೆ ಹಾರೆ ಎಲ್ಲಿ ಒಗ್ಗಬೇಕು? ಕಾಲು ಗಂಟೆಗೆ ಅಂಗೈ ಉರಿಯತೊಡಗಿತು. ಅಷ್ಟು ಹೊತ್ತಿಗೆ ಟಿಪ್ಪರ್ ಡ್ರೈವರುಗಳು ಒಬ್ಬೊಬ್ಬರಾಗಿ ಬಂದು ಗುದ್ದಲಿ ಹಿಡಿದರು. ಗೇರು ಹಾಕಿ, ಲಿವರ್ ಎಳೆದು ರೂಢಿಯಾದವರು. ಅವರು ಹೊಡೆದ ಹೊಡೆತ ನೆಲಕ್ಕೆ ಕಚಗುಳಿಯಿಟ್ಟಂತಿತ್ತು.

“ಥೂ ನಿಮ್ಮ! ಕಲ್ಲಿನ ಅನ್ನ ತಿಂದು ಕಲ್ಲಿನ ಎಳೆ ನೋಡಕ್ಕೆ ಬರಲ್ವಲ್ರೋ” ಎಂದು ಮುನಿಗಂಗಪ್ಪ ಗುಣಿಗೆ ಇಳಿದ. ನೀರು ಚೆಲ್ಲಿಸಿ, ಮಂಡಿಯೂರಿ, ಮೂರು ಬೆರಳಿನ ಕೈಯಲ್ಲಿ ನೆಲ ಸವರಿ, “ಇಲ್ಲಿ ಸಂದು ಐತೆ, ಇಲ್ಲಿ ಹಾಕು” ಎಂದ. ಅಮಾನುಲ್ಲಾ ಹಾಕಿದ. ಹಲಗೆಯಷ್ಟು ಅಗಲದ ತುಂಡೊಂದು ಕಿತ್ತು ಬಂತು. “ಏಯ್!” ಎಂದು ಎಲ್ಲರೂ ಕೂಗಿದರು. ಮಸಣದ ಕೆಲಸವೆಂಬುದೇ ಮರೆತುಹೋದ ಹಾಗಿತ್ತು.

ಕರ್ಮ ಹಿಡಿದ ಮಗ ಗುಣಿ ತೋಡುವಂತಿಲ್ಲ. ಹರಿಕೃಷ್ಣ ಬಂದು ಅಂಚಿನಲ್ಲಿ ನಿಂತು ನೋಡಿದ. ಆಮೇಲೆ ಚೊಂಬು ಚಾಚಿ, “ನೀರು ಕುಡಿ ಅಮಾನಣ್ಣ” ಎಂದ. ಕೊನೆಗೆ ಬಂದವನು ಮೋಹನ್‌ಬಾಬು. ಯಾರ ಮುಖವನ್ನೂ ನೋಡದೆ ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, ಬಿಳಿ ಅಂಗಿಯ ತೋಳು ಮಡಿಸಿ, ಒಂದು ಗುದ್ದಲಿ ಎತ್ತಿಕೊಂಡ.

ಹೊತ್ತು ಮುಳುಗಲು ಇನ್ನೂ ಮಾರುದ್ದ ಇರುವಾಗಲೇ ಮೇಸ್ತ್ರಿಯನ್ನು ಮಣ್ಣಿಗಿಟ್ಟರು. ಅಮಾನುಲ್ಲಾ ಮೂರು ಹಿಡಿ ಮಣ್ಣು ಹಾಕಿ, ಆಗ ಅತ್ತ. ಸಮಾಧಾನದ ಅಳು ಅದು.

ಮಣ್ಣು ಮಾಡಿ ಬಂದವರು ಮನೆಯ ದೀಪ ನೋಡಿಯೇ ಹೋಗಬೇಕು. ಹೆಣ ಮಲಗಿಸಿದ್ದ ಜಾಗದಲ್ಲಿ ಹಣತೆ ಉರಿಯುತ್ತಿತ್ತು; ರಾಮಲಕ್ಷ್ಮಮ್ಮ ಪಕ್ಕದಲ್ಲಿ ಕೂತು ಬಟ್ಟಲಿನಿಂದ ಹರಳೆಣ್ಣೆ ಹಾಕುತ್ತಿದ್ದಳು. ಅಮಾನುಲ್ಲಾ ಕೈಮುಗಿಯಲು ಹೋದ. ಅಂಗೈಗಳು ಕೂಡಲಿಲ್ಲ, ಬೊಬ್ಬೆಯೆದ್ದು ಒಡೆದಿದ್ದವು.

“ಎಲ್ಲಿ, ತೋರ್ಸಪ್ಪ” ಎಂದು ಅವಳು ಅವನ ಕೈ ಹಿಡಿದೆಳೆದು ಕೂರಿಸಿದಳು. ಬಟ್ಟಲಲ್ಲಿ ಬೆರಳದ್ದಿ ಹರಳೆಣ್ಣೆ ಸವರಿದಳು. ಉರಿಗೆ ಅವನು “ಸ್ಸ್” ಎಂದ. “ಸುಮ್ನಿರು” ಎಂದು ಮೆಲ್ಲಗೆ ಊದಿದಳು. ಆಮೇಲೆ ತಲೆಯೆತ್ತಿ ನೋಡಿದರೆ, ಬಾಗಿಲಿನಿಂದ ಅಂಗಳದವರೆಗೆ ಡ್ರೈವರುಗಳೆಲ್ಲ ಪ್ರಸಾದಕ್ಕೆ ನಿಂತವರ ಹಾಗೆ ಅಂಗೈ ಚಾಚಿಕೊಂಡು ನಿಂತಿದ್ದರು. ಸಾಲಿನ ಕೊನೆಯಲ್ಲಿ ಮೋಹನ್‌ಬಾಬು.